ಮುದ್ರೆ ಬೀಳುವವರೆಗೆ ಯಾರೂ ಕೆಮ್ಮಬಾರದು

ಹಾಸಿಗೆಯ ಚಾದರ ಹಿಂಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು, ಒಬ್ಬರು ಬಲಕ್ಕೆ ತಿರುಚಿದರೆ ಇನ್ನೊಬ್ಬರು ಎಡಕ್ಕೆ ತಿರುಚಬೇಕು. ಸಂಸಾರದಲ್ಲಿ ಜಗಳವಿಲ್ಲದೆ ಎಳೆದಾಡಬಹುದಾದ ವಸ್ತು ಅದೊಂದೇ. ಅವತ್ತು ಬೆಳಿಗ್ಗೆ ಹಿತ್ತಲಿನಲ್ಲಿ ಒಂದು ತುದಿಯನ್ನು ಅತ್ತಿಗೆ ಹಿಡಿದಿದ್ದಳು, ಇನ್ನೊಂದನ್ನು ಅವಳ ಒಂಬತ್ತು ವರ್ಷದ ಮಗಳು.

ಬೀದಿಗೆಲ್ಲ ಅವಳು ಅತ್ತಿಗೆಯಾದದ್ದು ಗಂಡನ ದೆಸೆಯಿಂದ. ಗಂಡ ಬೀದಿಗೆಲ್ಲ ತಕ್ಕಡಿಯಣ್ಣ. ಅಂಗಡಿಗಳವರ ತಕ್ಕಡಿ, ತೂಕದ ಬಟ್ಟು ರಿಪೇರಿ ಮಾಡುವುದು ಅವನ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಗಳು ಹುಟ್ಟಿದಾಗ ತೀರ ಸಣ್ಣಗಿದ್ದಳೆಂದು ಅವನೇ ತನ್ನ ತಕ್ಕಡಿಯಲ್ಲಿ ತೂಗಿ ನೋಡಿ, ಹಳೇ ಕಾಲದ ಪುಟ್ಟ ತೂಕದ ಹೆಸರಿನಲ್ಲಿ ಚಟಾಕು ಎಂದು ಕರೆದಿದ್ದ. ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿದೆ. ಅದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

ಅತ್ತಿಗೆ ಅವತ್ತು ಒಂದು ನಿರ್ಧಾರ ಮಾಡಿಕೊಂಡಿದ್ದಳು. ಚಾದರ ಒಣಗಹಾಕಿದ ಮೇಲೆ ಗಂಡನಿಗೆ ಹೇಳಿಬಿಡಬೇಕು. ಮನೆ ನಡೆಸುವ ಹೆಂಗಸಿನ ನಿರ್ಧಾರಗಳೆಲ್ಲ ಹೀಗೇ ಯಾವುದಾದರೂ ಕೆಲಸದ ಬಾಲಕ್ಕೆ ಜೋತುಬಿದ್ದಿರುತ್ತವೆ: ಪಾತ್ರೆ ಆದ ಮೇಲೆ, ಬಟ್ಟೆ ಆದ ಮೇಲೆ, ಮಗು ಶಾಲೆಗೆ ಹೋದ ಮೇಲೆ. ಹೇಳಬೇಕಾಗಿದ್ದದ್ದು ಇಷ್ಟೇ. ಎಡ ಎದೆಯಲ್ಲಿ, ಕಂಕುಳಿಗೆ ಹತ್ತಿರ, ಒಂದು ಗಂಟು ಕೈಗೆ ಸಿಗುತ್ತಿದೆ. ತಿಂಗಳ ಹಿಂದೆ ಕಡಲೆಕಾಳಿನಷ್ಟಿತ್ತು. ಈಗ ಅಷ್ಟೇ ಇಲ್ಲ.

ಇದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿತ್ತು. ಸ್ನಾನದ ಮನೆಯ ಬಾಗಿಲ ಚಿಲಕ ಸಡಿಲ. ಒಂದು ದಿನ ಚಟಾಕು ಬಾಗಿಲು ತಳ್ಳಿಕೊಂಡು ಬಂದಾಗ ಅಮ್ಮ ಕನ್ನಡಿಯ ಮುಂದೆ ಬೆರಳಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು. "ಏನಮ್ಮಾ ಅದು?" ಎಂದಳು. "ಏನೋ ಒಂದು ಗಂಟು. ಅಪ್ಪಂಗೆ ಈಗಲೇ ಹೇಳಬೇಡ ಕಂದಾ, ನಾನೇ ಹೇಳ್ತೀನಿ," ಎಂದಳು ಅತ್ತಿಗೆ. ಅವತ್ತಿನಿಂದ ಮಗಳು ದಿನಕ್ಕೊಂದು ಸಲ ಅಮ್ಮನ ಮುಖ ನೋಡುವಳು, ಹೇಳಿದೆಯಾ ಎಂಬಂತೆ. ಅಮ್ಮ ಇಲ್ಲವೆಂದು ತಲೆಯಾಡಿಸಿ ತರಕಾರಿ ಹೆಚ್ಚುವಳು.

"ಇನ್ನೊಂದು ಸುತ್ತು ತಿರುಚು ಪುಟ್ಟಾ. ಹಾಂ, ಹಾಗೆ."

"ಇವತ್ತು ಹೇಳ್ತೀಯಾ ಅಮ್ಮಾ?"

"ಇವತ್ತು ಹೇಳ್ತೀನಿ."

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಮನೆ ಹಾರಿಹೋಗುವ ಹಾಗೆ ಕೂಗು ಬಂತು. "ಇವಳೇ! ಏ ಇವಳೇ! ಓಡಿ ಬಾ! ಬಂತು!"

ಚಟಾಕು ಬೆಚ್ಚಿ ತುದಿ ಬಿಟ್ಟಳು. ಅದರ ಜಗ್ಗಿಗೆ ಅತ್ತಿಗೆಯ ಎಡತೋಳಿನಲ್ಲಿ ಛಳಕು ಹೊಡೆದು ಅವಳೂ ಬಿಟ್ಟಳು. ಅರ್ಧ ಗಂಟೆ ಉಜ್ಜಿದ ಚಾದರ ಕೆಸರಿನಲ್ಲಿ ಮಲಗಿತು.

ಬಂದದ್ದು ಒಂದು ಕಾಗದ. ಕುಟುಂಬದ ಆರೋಗ್ಯ ವಿಮೆಯ ನವೀಕರಣ ಸೂಚನೆ. ಕೊನೆಯ ದಿನಕ್ಕೆ ಇನ್ನು ಹದಿನೆಂಟು ದಿನ. ತಕ್ಕಡಿಯಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು, ಪರೀಕ್ಷೆಯ ಫಲಿತಾಂಶ ಓದುವವನ ಹಾಗೆ ಓದಿದ. ಈ ವಿಮೆಯೆಂದರೆ ಅವನಿಗೆ ಪ್ರಾಣ. ಐದು ವರ್ಷದಲ್ಲಿ ಒಂದು ಮಾತ್ರೆಗೂ ಕಂಪನಿಯ ಮುಂದೆ ಕೈ ಚಾಚಿದವನಲ್ಲ ಎಂಬುದು ಅವನ ಜಂಬ. ಇದನ್ನು ಅವನು ಕಟಿಂಗ್ ಅಂಗಡಿಯಲ್ಲಿ ಹೇಳಿದ್ದ, ಬಸ್ಸಿನಲ್ಲಿ ಹೇಳಿದ್ದ, ಒಂದು ಸಲ ತಪ್ಪು ನಂಬರಿಗೆ ಫೋನು ಮಾಡಿದವನಿಗೂ ಹೇಳಿದ್ದ.

"ಹದಿನೆಂಟೇ ದಿನ," ಎಂದ. "ಇವತ್ತಿಂದ ಯಾರಿಗೂ ಏನೂ ಆಗಬಾರದು."

"ಅಂದ್ರೆ?"

"ಅಂದ್ರೆ ಯಾರೂ ಕಾಯಿಲೆ ಬೀಳಬಾರದು ಕಣೇ. ನಾನು ಈ ಕಸುಬಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಮುದ್ರೆ ಹೇಗೆ ಬೀಳುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಇಲ್ಲಿ ಸ್ವಲ್ಪ ನಿಂತು ಅವನ ಕಸುಬಿನ ಮಾತು ಹೇಳಬೇಕು. ಅಂಗಡಿಗಳ ತಕ್ಕಡಿಗೆ, ಬಟ್ಟಿಗೆ ವರ್ಷಕ್ಕೊಮ್ಮೆ ಸರ್ಕಾರದ ಅಧಿಕಾರಿ ಬಂದು ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಾನೆ. ಅದಕ್ಕೆ ತಿಂಗಳ ಮೊದಲೇ ಅಂಗಡಿಯವರು ಅವುಗಳನ್ನು ತಕ್ಕಡಿಯಣ್ಣನ ಹತ್ತಿರ ತಂದು ಹಾಕುತ್ತಾರೆ. ಅವನು ತುಕ್ಕು ಕೆರೆಯುತ್ತಾನೆ, ಸವೆದ ಬಟ್ಟಿನ ಹೊಟ್ಟೆಗೆ ಸೀಸ ತುಂಬುತ್ತಾನೆ, ಮುಳ್ಳು ಅಲ್ಲಾಡದೆ ನಡುಮಧ್ಯೆ ನಿಲ್ಲುವವರೆಗೆ ಅರ ಹಾಕಿ ಉಜ್ಜುತ್ತಾನೆ. ಆ ದಿನ ಮುಳ್ಳು ಒಂದು ಕೂದಲಷ್ಟು ವಾಲಿದರೂ ಅಧಿಕಾರಿ ತಕ್ಕಡಿಯನ್ನು ಗೋಣಿಚೀಲಕ್ಕೆ ಹಾಕಿಕೊಂಡು ಹೋಗುತ್ತಾನೆ. ಹೋದದ್ದು ಮರಳಿ ಬಂದದ್ದನ್ನು ಕಂಡವರಿಲ್ಲ. ಒಮ್ಮೆ ಮುದ್ರೆ ಬಿದ್ದಿತೋ, ಇಡೀ ವರ್ಷ ಯಾರೂ ಕೇಳುವುದಿಲ್ಲ. ಪ್ರಪಂಚದಲ್ಲಿ ವರ್ಷಕ್ಕೊಮ್ಮೆ ಆಗುವ ಕೆಲಸಗಳೆಲ್ಲ ಹೀಗೇ ಎಂದು ತಕ್ಕಡಿಯಣ್ಣ ನಂಬಿದ್ದ. ಹೋದ ಐದು ವರ್ಷ ನವೀಕರಣದ ಹೊತ್ತಿಗೆ ಮನೆಯಲ್ಲಿ ಯಾರಿಗೂ ನೆಗಡಿಯೂ ಆಗಿರಲಿಲ್ಲವಾದ್ದರಿಂದ ನಂಬಿಕೆ ಗಟ್ಟಿಯಾಗಿತ್ತು.

"ಅಪ್ಪಾ," ಎಂದಳು ಚಟಾಕು, "ಯಾರಿಗಾದ್ರೂ ಮೊದಲೇ ಏನಾದ್ರೂ ಇದ್ರೆ..."

"ಮೊದಲೇ ಇದ್ರೆ ಮೂರು ಜನಕ್ಕೂ ಮುದ್ರೆ ಇಲ್ಲ! ಐದು ವರ್ಷ ಕಟ್ಟಿದ್ದೆಲ್ಲ ನೀರಲ್ಲಿ ಹೋಮ. ಅದಕ್ಕೇ ಹೇಳ್ತಿರೋದು, ಇರಬಾರದು. ಮುದ್ರೆ ಬೀಳಲಿ, ಆಮೇಲೆ ಬೇಕಾದ್ರೆ ಎಲ್ಲರೂ ಸೇರಿ ಮಲಗೋಣ." ಹೆಂಡತಿಯ ಕಡೆ ತಿರುಗಿದ. "ಬೆಳಿಗ್ಗೆ ಕಾಫಿ ಕೊಡೋವಾಗ ನೀನೇನೋ ಹೇಳಬೇಕು ಅಂತಿದ್ದೆಯಲ್ಲ?"

ಅತ್ತಿಗೆ ಕೈಯಲ್ಲಿದ್ದ ಕೆಸರು ಸೆರಗಿಗೆ ಒರೆಸಿಕೊಂಡಳು. "ಸೋಪು ಮುಗಿದಿದೆ ಅಂತ."

ತಕ್ಕಡಿಯಣ್ಣ ಹಿಟ್ಟಿನ ಅಂಟು ಕಲಸಿ, ಕಾಗದವನ್ನು ತಾನು ಕೂರುವ ಜಾಗದ ಎದುರಿನ ಗೋಡೆಗೆ ಬಿಗಿಯಾಗಿ ಅಂಟಿಸಿದ. ಮುಖ ಈ ಕಡೆ, ಬೆನ್ನು ಗೋಡೆ ಕಡೆ. ಬೆನ್ನ ಮೇಲೂ ಏನೋ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಸಣ್ಣ ಅಕ್ಷರ ಓದುವುದು ಕೆಲಸವಿಲ್ಲದವರ ಕೆಲಸ ಎಂಬುದು ಅವನ ಇನ್ನೊಂದು ನಂಬಿಕೆ.

ಆದರೂ ಇಂಥ ವಿಷಯದಲ್ಲಿ ಒಬ್ಬರನ್ನು ಕೇಳುವುದು ಒಳ್ಳೆಯದೆಂದು ಅವನು ಪಕ್ಕದ ಮನೆಯ ದೊಡ್ಡಪ್ಪನನ್ನು ಕರೆಸಿದ. ಈ ದೊಡ್ಡಪ್ಪ ಯಾರಿಗೂ ದೊಡ್ಡಪ್ಪನಲ್ಲ. ಹನ್ನೊಂದು ಮಹಡಿಯ ಕಚೇರಿ ಕಟ್ಟಡದಲ್ಲಿ ಮೂವತ್ತು ವರ್ಷ ಲಿಫ್ಟ್ ನಡೆಸಿ ನಿವೃತ್ತರಾದವರು. ಹತ್ತುವವರ, ಇಳಿಯುವವರ ಮಾತು ಕೇಳಿಸಿಕೊಂಡೇ ಅವರು ವಿದ್ಯಾವಂತರಾದದ್ದು. ಎಲ್ಲರೂ ಮಾತಿನ ನಡುವೆ ಹತ್ತಿ ಮಾತಿನ ನಡುವೆ ಇಳಿದಿದ್ದರಿಂದ, ದೊಡ್ಡಪ್ಪನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಆದರೆ ಎಲ್ಲವೂ ಅರ್ಧ ಗೊತ್ತಿತ್ತು.

"ಆರನೇ ಮಹಡೀಲಿ ವಿಮೆಯವರೇ ಇದ್ದಿದ್ದು," ಎಂದರು ದೊಡ್ಡಪ್ಪ ಕಣ್ಣು ಮುಚ್ಚಿ. "ಒಂದಿನ ಇಬ್ಬರು ದೊಡ್ಡ ಸಾಹೇಬರು ಹತ್ತಿದ್ರು. ಒಬ್ಬ ಹೇಳ್ತಿದ್ದ, ಈ ವರ್ಷ ಕಾಯಿಲೆ ಬಿದ್ದವನಿಗೆ ಮುಂದಿನ ವರ್ಷ ಪಾಲಿಸಿ..."

"ಪಾಲಿಸಿ?"

"ಅಷ್ಟರಲ್ಲಿ ಬಾಗಿಲು ತೆರೀತು."

"ಆಮೇಲೆ?"

"ಆಮೇಲೇನು, ಇಳಿದು ಹೋದ್ರು. ಆದ್ರೆ ಮುಖ ನೋಡಿದ್ರೆ ಗೊತ್ತಾಗಲ್ವೇನಪ್ಪಾ? ಕೊಡಲ್ಲ ಅನ್ನೋ ಮುಖವೇ ಅದು." ದೊಡ್ಡಪ್ಪ ದನಿ ತಗ್ಗಿಸಿದರು. "ಇನ್ನೊಂದು ಮಾತು. ಕಂಪನಿಯವರು ಹೇಳಿ ಕೇಳಿ ಬರಲ್ಲ. ಬೇರೆ ವೇಷದಲ್ಲಿ ಬರ್ತಾರೆ."

ಹೀಗೆ ಅರ್ಧ ಮಾತಿಗೆ ಇನ್ನರ್ಧ ಹೆದರಿಕೆ ಸೇರಿ ಪೂರ್ತಿ ಕಾನೂನಾಯಿತು. ಆ ಮನೆಯಲ್ಲಿ ಕೆಮ್ಮು ಬಂದರೆ ದಿಂಬಿನೊಳಗೆ ಕೆಮ್ಮಬೇಕು. ಸೀನು ಬಂದರೆ ನಲ್ಲಿ ಬಿಟ್ಟುಕೊಂಡು ಸೀನಬೇಕು. ಔಷಧಿ ಅಂಗಡಿಯ ಮುಂದೆ ಹೋಗುವಾಗ ಮುಖ ಆ ಕಡೆ ತಿರುಗಿಸಿಕೊಂಡು, ಆದಷ್ಟೂ ಚುರುಕಾಗಿ ನಡೆಯಬೇಕು. ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ಕೇಳಿದ್ದು ಯಾಕೆ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಚಟಾಕು ಶಾಲೆಯಲ್ಲಿ ಬಿದ್ದು ಮಂಡಿ ತರಚಿಕೊಂಡು ಬಂದಾಗ ಅವಳಪ್ಪ ಮೂರು ದಿನ ಉದ್ದಲಂಗ ಹಾಕಿಸಿದ.

ಅವನು ಕೆಟ್ಟವನಲ್ಲ. ಮಗಳ ಮಂಡಿಗೆ ತಾನೇ ಬಿಸಿನೀರಿನ ಬಟ್ಟೆ ಒತ್ತಿ, ಊದಿ ಊದಿ ಆರಿಸಿದವನು ಅವನೇ. "ಇನ್ನು ಹದಿಮೂರು ದಿನ ಚಟಾಕು, ತಡ್ಕೋ. ಇದೆಲ್ಲ ಯಾರಿಗೋಸ್ಕರ? ನಾಳೆ ನಿಮ್ಮಿಬ್ಬರಿಗೆ ಏನಾದ್ರೂ ಆದ್ರೆ ನಾನು ಎಲ್ಲಿಗೆ ಹೋಗಲಿ?" ಎಂದ. ಚಟಾಕು ಬಾಯಿ ತೆರೆದಳು. ಬಾಗಿಲಲ್ಲಿ ನಿಂತಿದ್ದ ಅಮ್ಮ ಕಣ್ಣಲ್ಲೇ ಬೇಡವೆಂದಳು. ಚಟಾಕು ಬಾಯಿ ಮುಚ್ಚಿದಳು.

ಅತ್ತಿಗೆ ಹದಿಮೂರನ್ನು ದೊಡ್ಡ ಲೆಕ್ಕವೆಂದುಕೊಳ್ಳಲಿಲ್ಲ. ಮೂರು ಜನರ ಪಾಲಿಸಿ. ತನ್ನೊಂದು ಗಂಟಿಗಾಗಿ ಮಗುವಿನದೂ ಹೋದರೆ? ನೀರಿನ ಬಕೆಟ್ಟನ್ನು ಬಲಗೈಗೆ ಬದಲಾಯಿಸಿಕೊಂಡಳು. ಮೇಲಿನ ಅಟ್ಟದ ಡಬ್ಬಿಗಳನ್ನು ಕೆಳಗಿಟ್ಟುಕೊಂಡಳು. ರಾತ್ರಿ ಬಲಮಗ್ಗುಲಿಗೆ ಮಲಗತೊಡಗಿದಳು. ಗ್ರಾಮಿನ ವ್ಯತ್ಯಾಸವನ್ನು ದೂರದಿಂದಲೇ ಕಂಡುಹಿಡಿಯುವ ಗಂಡನಿಗೆ ಇದು ಯಾವುದೂ ಕಾಣಲಿಲ್ಲ. ಅವನು ಇಡೀ ದಿನ ತಕ್ಕಡಿಯ ಮುಳ್ಳನ್ನೇ ನೋಡುವವನು. ಹೆಂಡತಿಗೆ ಮುಳ್ಳಿಲ್ಲ. ಮಗಳು ಮಾತ್ರ, ಯಾರೂ ಹೇಳದೆಯೇ, ಶಾಲೆಯಿಂದ ಬಂದ ಕೂಡಲೇ ಬಕೆಟ್ಟಿನ ಎಡಗಡೆಯ ಹಿಡಿಗೆ ಬಂದು ನಿಲ್ಲುತ್ತಿದ್ದಳು.

ಆದರೆ ಕಾನೂನು ಮಾಡಿದವನಿಗೇ ಮೊದಲು ಕುತ್ತು ಬರುವುದು ಲೋಕರೂಢಿ. ಹತ್ತು ದಿನ ಬಾಕಿ ಇರುವಾಗ ತಕ್ಕಡಿಯಣ್ಣನ ಬಲಗಡೆಯ ದವಡೆ ಹಲ್ಲು ಎದ್ದು ಕೂತಿತು. ಸಂಜೆಗೆ ಕೆನ್ನೆ ಬನ್ನಿನಂತೆ ಊದಿತು.

"ಸೊಳ್ಳೆ ಕಚ್ಚಿದ್ದು," ಎಂದ.

"ಬಾಯೊಳಗೇನ್ರೀ?"

"ದೊಡ್ಡ ಸೊಳ್ಳೆ."

ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಆ ಕಡೆಯಿಂದ ಒಂದು ಎಳೆಯ ಹೆಣ್ಣುದನಿ. "ನಮಸ್ಕಾರ ಸರ್, ನಿಮ್ಮ ಆರೋಗ್ಯ ವಿಮೆ ಕಂಪನಿಯಿಂದ ಮಾತಾಡ್ತಿದ್ದೀನಿ. ಹೇಗಿದ್ದೀರಿ ಸರ್?"

ತಕ್ಕಡಿಯಣ್ಣ ಎದ್ದು ನಿಂತ. ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು, "ಕೇಳಿಬಿಟ್ಲು! ನೆಟ್ಟಗೆ ಕೇಳಿಬಿಟ್ಲು!" ಎಂದು ಹೆಂಡತಿಗೆ ಪಿಸುಗುಟ್ಟಿದ. ಅಂಗೈ ತೆಗೆದ.

"ಭೇಷಾಗಿದ್ದೀವಿ ಮೇಡಂ! ಮೂವರೂ ಭೇಷು! ಹಲ್ಲಿಗಂತೂ ಏನೂ ಆಗಿಲ್ಲ!"

"ಹಲ್ಲಾ ಸರ್?"

"ನೋಡಿ ಮೇಡಂ, ಹಲ್ಲಿನ ಸುದ್ದಿ ನಾನು ಎತ್ತಿಲ್ಲ."

"ಇಲ್ಲ ಸರ್, ನೀವೇ ಈಗ..."

"ಹಲ್ಲು ಬಿಡಿ ಮೇಡಂ. ನನ್ನ ಹೆಂಡತಿ ವಿಷಯ ಕೇಳಿ. ಹತ್ತು ಕಿಲೋ ಕಬ್ಬಿಣದ ಬಟ್ಟನ್ನ ಒಂದೇ ಕೈಲಿ ಎತ್ತುತ್ತಾಳೆ."

"ಯಾಕೆ ಸರ್?"

ಇಂಥ ಪ್ರಶ್ನೆಯನ್ನು ತಕ್ಕಡಿಯಣ್ಣ ನಿರೀಕ್ಷಿಸಿರಲಿಲ್ಲ. "ಯಾಕೆ ಅಂದ್ರೆ... ಆರೋಗ್ಯ ಇದೆ, ಎತ್ತುತ್ತಾಳೆ!"

"ಸಂತೋಷ ಸರ್. ಕೊನೇ ದಿನ ಹತ್ತಿರ ಬಂತು ಅಂತ ನೆನಪಿಸೋಕೆ ಮಾಡಿದೆ. ನವೀಕರಣದ ನಿಯಮಗಳ ಬಗ್ಗೆ ಏನಾದ್ರೂ ತಿಳ್ಕೊಳ್ಳೋದಿದ್ರೆ ನಾನು..."

"ನಮಗೆ ಎಲ್ಲಾ ಗೊತ್ತು ಮೇಡಂ," ಎಂದು ಅವನು ಫೋನು ಇಟ್ಟ. ಬೆವರು ಒರೆಸಿಕೊಂಡ. "ಹೇಗೆ ಮಾತಾಡಿದೆ?"

"ಚೆನ್ನಾಗಿತ್ತು," ಎಂದಳು ಅತ್ತಿಗೆ. ಅವಳು ಗಂಡನ ಬಟ್ಟಲಿಗೆ ಗಂಜಿ ಹಾಕಿ, ಅಗಿಯದೆ ನುಂಗುವಷ್ಟು ತೆಳ್ಳಗೆ ಮಾಡಿ ಕೊಟ್ಟಳು. ಕೆನ್ನೆಗೆ ಬಿಸಿ ಒತ್ತಿದಳು. ಅವನು ಒಂದು ಕಣ್ಣು ಮುಚ್ಚಿಕೊಂಡು, "ನೋಯುತ್ತೆ ಕಣೇ," ಎಂದ ಮಗುವಿನ ಹಾಗೆ.

"ಗೊತ್ತು," ಎಂದಳು ಅವಳು.

ಆರು ದಿನ ಬಾಕಿ. ಭಾನುವಾರ. ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಕಂಕುಳಲ್ಲಿ ಉದ್ದನೆಯ ಪುಸ್ತಕ, ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಟಾರ್ಚು. ತಕ್ಕಡಿಯಣ್ಣ ಕೈಯಲ್ಲಿದ್ದ ಅರ ಕೆಳಗಿಟ್ಟು ಎದ್ದ. ಭಾನುವಾರ ಕೆಲಸಕ್ಕೆ ಬರುವವನು ವೇಷದವನಲ್ಲದೆ ಇನ್ಯಾರು?

"ಎಲ್ಲಾ ಸರಿಯಾಗಿ ಓಡ್ತಿದೆಯೇನ್ರೀ?" ಎಂದ ಬಂದವನು, ಪುಸ್ತಕ ಬಿಚ್ಚುತ್ತ.

"ಓಡ್ತೀವಿ ಸಾರ್! ಎಲ್ಲರೂ ಓಡ್ತೀವಿ!"

"ಸೋರಿಕೆ ಗೀರಿಕೆ?"

"ಮೂಗು ಸಮೇತ ಏನೂ ಸೋರಲ್ಲ ಸಾರ್. ಬನ್ನಿ, ಕೂತ್ಕೊಳ್ಳಿ. ಏ ಇವಳೇ! ಚಟಾಕು! ಬನ್ನಿ ಇಲ್ಲಿ, ಸಾಹೇಬರು ಬಂದಿದ್ದಾರೆ!"

ಊದಿದ ಕೆನ್ನೆಯನ್ನು ಗೋಡೆಗೆ ಮಾಡಿಕೊಂಡು, ಒಂದೇ ಕಡೆಯ ಮುಖದಲ್ಲಿ ಎರಡು ಮುಖದಷ್ಟು ನಗುತ್ತ, ಅವನು ಬಂದವನನ್ನು ಬಲವಂತವಾಗಿ ಕುರ್ಚಿಯಲ್ಲಿ ಕೂರಿಸಿದ. ಚಟಾಕು ಹತ್ತು ಸಲ ಹಾರಿ ತೋರಿಸಬೇಕಾಯಿತು. ಗದ್ದಲಕ್ಕೆ ದೊಡ್ಡಪ್ಪ ಬಂದರು, ಎದುರು ಮನೆಯವರು ಬಂದರು, ಮೇಲಿನ ಮನೆಯ ಟೈಲರಕ್ಕ ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಮೆಟ್ಟಿಲ ಮೇಲೆ ಬಂದು ನಿಂತಳು.

"ಈಗ ನೋಡಿ ಸಾರ್, ನಮ್ಮ ಮನೆಯವಳು." ತಕ್ಕಡಿಯಣ್ಣ ಹತ್ತು ಕಿಲೋ ಬಟ್ಟನ್ನು ಕಾಲಲ್ಲಿ ತಳ್ಳಿಕೊಂಡು ಬಂದ. "ಎತ್ತು."

"ಈಗ ಬೇಡ ರೀ."

"ಎತ್ತೇ, ದಿನಾ ಕಸ ಗುಡಿಸೋವಾಗ ಎತ್ತಲ್ವಾ?"

ಅತ್ತಿಗೆ ಬಲಗೈಯಲ್ಲಿ ಎತ್ತಿದಳು. ಸೇರಿದ್ದವರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಚಪ್ಪಾಳೆಯೆಂಬುದು ಬಡವನ ತಲೆಗೆ ಬೇಗ ಏರುವ ಪದಾರ್ಥ.

"ಎಡಗೈಲೂ ತೋರಿಸು! ತಕ್ಕಡಿಗೆ ಎರಡು ತಟ್ಟೆ ಇರ್ತವೆ."

"ಅಪ್ಪಾ, ಬೇಡ!" ಎಂದಳು ಚಟಾಕು.

"ಸುಮ್ನಿರು, ಸಾಹೇಬರು ಬರ್ಕೊಳ್ತಿದ್ದಾರೆ."

ಅತ್ತಿಗೆ ಒಮ್ಮೆ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಹೆದರಿಕೆ, ಹಲ್ಲುನೋವು, ಹೆಮ್ಮೆ ಮೂರೂ ಒಟ್ಟಿಗೆ ಇದ್ದವು. ಅವಳು ಬಗ್ಗಿ ಎಡಗೈಯಲ್ಲಿ ಹಿಡಿದಳು. ಬಟ್ಟು ಮೊಣಕಾಲಿನ ಮಟ್ಟಕ್ಕೆ ಬಂತು. ಆಮೇಲೆ ಅವಳ ಮುಖದ ಬಣ್ಣ ಹೋಯಿತು. ಕಬ್ಬಿಣ ನೆಲಕ್ಕೆ ಬಿದ್ದು ಒಂದು ಕಲ್ಲುಹಾಸು ಸೀಳಿತು.

"ಕೈ ಒದ್ದೆ ಇತ್ತು," ಎಂದಳು.

ಕುರ್ಚಿಯಲ್ಲಿದ್ದವನು ಎದ್ದು ನಿಂತಿದ್ದ. "ಅಲ್ಲಮ್ಮಾ, ಇದೆಲ್ಲ ನನಗೆ ಯಾಕೆ ತೋರಿಸ್ತಿದ್ದೀರಿ? ನಾನು ನೀರಿನ ಮೀಟರ್ ಓದೋಕೆ ಬಂದವನು!"

ಬೀದಿಗೆ ಬೀದಿಯೇ ನಕ್ಕಿತು. ದೊಡ್ಡಪ್ಪನಂತೂ ಕೆಮ್ಮುವವರೆಗೆ ನಕ್ಕು, ಕೆಮ್ಮಿದ್ದಕ್ಕೆ ತಕ್ಕಡಿಯಣ್ಣನಿಂದ ಬೈಸಿಕೊಂಡರು. ಮೀಟರಿನವನು ಹೊಟ್ಟೆ ಹಿಡಿದುಕೊಂಡು ನಗುತ್ತ ತಪ್ಪು ಅಂಕಿ ಬರೆದುಕೊಂಡು ಹೋದ. ತಕ್ಕಡಿಯಣ್ಣ ತಾನೂ ಅರ್ಧ ಬಾಯಲ್ಲಿ ನಕ್ಕ. ಅತ್ತಿಗೆಯನ್ನು ಬಿಟ್ಟರೆ ನಗದೇ ಇದ್ದವರು ಇಬ್ಬರೇ. ಒಬ್ಬಳು ಚಟಾಕು. ಇನ್ನೊಬ್ಬಳು ಮೆಟ್ಟಿಲ ಮೇಲಿದ್ದ ಟೈಲರಕ್ಕ.

ಮಧ್ಯಾಹ್ನ ಟೈಲರಕ್ಕ ಹಿತ್ತಲಿಗೇ ಬಂದಳು. "ಹೋದ ವಾರ ಕುಪ್ಪಸ ಎಡಗಡೆ ಮಾತ್ರ ಸಡಿಲ ಮಾಡಿಕೊಡು ಅಂದೆಯಲ್ಲ. ಇಪ್ಪತ್ತು ವರ್ಷದಿಂದ ಹೆಂಗಸರ ಅಳತೆ ತಗೊಳ್ತಿದ್ದೀನಿ ಕಣೇ. ಏನಿದೆ ಅಲ್ಲಿ?"

ಅತ್ತಿಗೆ ಬಟ್ಟೆ ಒಣಗಹಾಕುತ್ತಲೇ ಹೇಳಿದಳು. ಎರಡೇ ಮಾತಲ್ಲಿ.

"ಗಂಡಂಗೆ ಹೇಳಿದ್ಯಾ?"

"ಅವರಿಗೆ ಹಲ್ಲುನೋವು."

"ಅಯ್ಯೋ ನಿನ್ನ! ನಡಿ, ಈಗಲೇ ನಡಿ ನನ್ನ ಜೊತೆ ಆಸ್ಪತ್ರೆಗೆ."

"ಇನ್ನು ಆರೇ ದಿನ ಅಕ್ಕಾ. ಈಗ ಆಸ್ಪತ್ರೆ ಚೀಟೀಲಿ ನನ್ನ ಹೆಸರು ಬಿದ್ರೆ ಮೂರು ಜನದ್ದೂ ಹೋಗುತ್ತಂತೆ. ಮಗು ಇದೆ."

"ಗಂಟಿಗೆ ಕ್ಯಾಲೆಂಡರ್ ಓದೋಕೆ ಬರುತ್ತೇನೇ? ಹೋಗುತ್ತೆ ಅಂತ ಹೇಳಿದ್ಯಾರು?"

"ಲಿಫ್ಟಿನಲ್ಲಿ ಯಾರೋ ಹೇಳಿದ್ರಂತೆ," ಎಂದಳು ಅತ್ತಿಗೆ. ಹೇಳುವಾಗಲೇ ಅವಳಿಗೆ ನಗು ಬಂತು. ಟೈಲರಕ್ಕನಿಗೂ ಬಂತು. ಇಬ್ಬರೂ ಬಟ್ಟೆಯ ಹಗ್ಗ ಹಿಡಿದುಕೊಂಡು ನಕ್ಕರು. ಮೊದಲು ನಗು ನಿಂತದ್ದು ಟೈಲರಕ್ಕನಿಗೆ. ಅವಳು ಕಣ್ಣೊರೆಸಿಕೊಂಡು, ಬುಟ್ಟಿಯಲ್ಲಿ ಉಳಿದಿದ್ದ ಬಟ್ಟೆಯನ್ನೆಲ್ಲ ತಾನೇ ಹರವಿ ಹೋದಳು. ಮೂಲೆಯಲ್ಲಿ ಕೂತು ಪಾಠ ಬರೆಯುತ್ತಿದ್ದ ಚಟಾಕು ತಲೆ ಎತ್ತಲಿಲ್ಲ. ಅವಳ ಪೆನ್ಸಿಲ್ ಮಾತ್ರ ಬಹಳ ಹೊತ್ತು ಒಂದೇ ಅಕ್ಷರದ ಮೇಲೆ ನಿಂತಿತ್ತು.

ಕೊನೆಗೂ ಹದಿನೆಂಟನೇ ದಿನ ಬಂತು. ಮುದ್ರೆಯ ದಿನವೆಂದರೆ ತಕ್ಕಡಿಗಳನ್ನೇ ಅಧಿಕಾರಿಯ ಮುಂದೆ ಸಾಲಾಗಿ ಇಡುವುದು ಪದ್ಧತಿಯಾದ್ದರಿಂದ, ತಕ್ಕಡಿಯಣ್ಣ ಸಂಸಾರ ಸಮೇತ ಕಂಪನಿಯ ಕಚೇರಿಗೆ ಹೊರಟ. ಎಲ್ಲರಿಗೂ ಇದ್ದುದರಲ್ಲಿ ಒಳ್ಳೆಯ ಬಟ್ಟೆ. ಕಾಗದವನ್ನು ಗೋಡೆಯಿಂದ ಎಬ್ಬಿಸಿದಾಗ ಅದರ ಬೆನ್ನಿಗೆ ಸುಣ್ಣದ ಹಕ್ಕಳೆಯೂ ಎದ್ದು ಬಂತು. ಉಳಿದದ್ದು ಕೆನ್ನೆಯ ಸಮಸ್ಯೆ. ಬಲಗಡೆ ಊದಿಕೊಂಡದ್ದು ಇಳಿದಿರಲಿಲ್ಲ. ಆದರೆ ವಾಲಿದ ತಕ್ಕಡಿಯನ್ನು ನೆಟ್ಟಗೆ ಮಾಡುವುದೇ ಕಸುಬಾದವನಿಗೆ ಇದೇನು ಮಹಾ? ಹಗುರವಿರುವ ಕಡೆಗೆ ತುಂಬಬೇಕು. ಅವನು ಎಡಗೆನ್ನೆಯೊಳಗೆ ಹತ್ತಿ ತುರುಕಿದ, ಎರಡೂ ಕಡೆ ಸಮವಾಗುವವರೆಗೆ. ಕನ್ನಡಿಯಲ್ಲಿ ನೋಡಿಕೊಂಡು ತೃಪ್ತಿಯಿಂದ ತಲೆಯಾಡಿಸಿದ. ಅವನು ಈಗ ಕಾಯಿಲೆಯವನ ಹಾಗೆ ಕಾಣುತ್ತಿರಲಿಲ್ಲ. ಎರಡು ಕೆನ್ನೆಯಲ್ಲೂ ಕದ್ದ ತಿಂಡಿ ಇಟ್ಟುಕೊಂಡವನ ಹಾಗೆ ಕಾಣುತ್ತಿದ್ದ.

ಕಚೇರಿಯಲ್ಲಿ ಉದ್ದನೆಯ ಬೆಂಚು, ನೀರಿನ ಡಬ್ಬ, ನಂಬರ್ ಚೀಟಿ. ಕೌಂಟರಿನ ಹಿಂದೆ ನಡುವಯಸ್ಸಿನ ಮೇಡಂ, ಕನ್ನಡಕವನ್ನು ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟುಕೊಂಡಿದ್ದರು. ತಮ್ಮ ನಂಬರ್ ಬಂದಾಗ ತಕ್ಕಡಿಯಣ್ಣ ಹೆಂಡತಿ ಮಗಳನ್ನು ಎತ್ತರದ ಪ್ರಕಾರ ನಿಲ್ಲಿಸಿದ.

"ಹೇಳಿ ಸಾರ್."

"ಇನಸ್ಪೆಕ್ಷಂಗೆ ಬಂಜಿಜೀವಿ," ಎಂದ ಹತ್ತಿಯ ಮೂಲಕ.

"ಏನಂದ್ರಿ?"

"ನಮ್ಮನ್ನ ಪರೀಕ್ಷೆ ಮಾಡಿಸ್ಕೊಳ್ಳೋಕೆ ಬಂದಿದ್ದೀವಿ ಅಂತಿದ್ದಾರೆ," ಎಂದಳು ಅತ್ತಿಗೆ ಮೆಲ್ಲಗೆ. "ನವೀಕರಣಕ್ಕೆ."

ಮೇಡಂ ಕನ್ನಡಕ ಹಾಕಿಕೊಂಡು ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. "ನವೀಕರಣಕ್ಕೆ ಯಾರನ್ನೂ ಕರ್ಕೊಂಡು ಬರೋದು ಬೇಡ ಸಾರ್. ಮನೇಲಿ ಕೂತು ಫೋನಲ್ಲೇ ಕಟ್ಟಬಹುದಿತ್ತು. ಈಗಿರೋಷ್ಟೇ ಮೊತ್ತಕ್ಕೆ ಮುಂದುವರಿಸೋರಿಗೆ ಯಾವ ಪರೀಕ್ಷೆನೂ ಇಲ್ಲ."

"ಇಲ್ವಾ?"

"ಇಲ್ಲ."

"ಕಾಯಿಲೆ ಬಿಜ್ಜವರಿಗೂ ಇಲ್ವಾ?"

"ಸಾರ್, ಕಾಯಿಲೆ ಬೀಳ್ತಾರೆ ಅಂತ ತಾನೆ ವಿಮೆ ಇರೋದು? ನೀವು ಈ ವರ್ಷ ಹತ್ತು ಸಲ ಆಸ್ಪತ್ರೆ ಖರ್ಚು ಕೇಳಿದ್ರೂ, ಅದೇ ಕಾರಣಕ್ಕೆ ನವೀಕರಣ ಮಾಡಲ್ಲ ಅನ್ನೋ ಅಧಿಕಾರ ನಮಗಿಲ್ಲ. ಸುಳ್ಳು ಹೇಳಿ ಮೋಸ ಮಾಡಿದ್ರೆ ಬೇರೆ ಮಾತು. ಸೂಚನೆ ಕಾಗದ ತಂದಿದ್ದೀರಾ? ಅದರ ಹಿಂದೇನೇ ಇದೆಯಲ್ಲ, ಗ್ರಾಹಕರ ಹಕ್ಕುಗಳು ಅಂತ."

ಅವನು ಕಾಗದ ಕೊಟ್ಟ. ಮೇಡಂ ಅದನ್ನು ಮಗುಚಿದರು. ಬೆನ್ನ ತುಂಬ ಸುಣ್ಣ. ಅವರು ನಿಟ್ಟುಸಿರು ಬಿಟ್ಟು, ಉಗುರಿನಿಂದ ಕೆರೆಯುತ್ತ ಓದತೊಡಗಿದರು. ಒಂದೊಂದು ಹಕ್ಕಳೆ ಉದುರಿದ ಹಾಗೆ ಒಂದೊಂದು ಸಾಲು ಹೊರಬಂತು.

"ಇಲ್ಲಿ ನೋಡಿ. ಇವತ್ತು ಬರೋಕೆ ಆಗದೇ ಹೋಗಿದ್ರೂ ಮೂವತ್ತು ದಿನ ಹೆಚ್ಚಿಗೆ ಸಮಯ ಇರ್ತಿತ್ತು. ಆ ಮಧ್ಯೆ ಆಸ್ಪತ್ರೆ ಸೇರಿದ್ರೆ ಮಾತ್ರ ಖರ್ಚು ಸಿಗಲ್ಲ, ಅದಕ್ಕೇ ಬೇಗ ಕಟ್ಟಿ ಅನ್ನೋದು. ಆಮೇಲೆ ಇದು. ಶುರುವಿನಲ್ಲಿ ಕೆಲವು ಕಾಯಿಲೆಗೆ ಅಂತ ಕಾಯೋ ವರ್ಷಗಳಿರುತ್ತಲ್ಲ, ನಿಮ್ಮದು ಯಾವತ್ತೋ ಮುಗಿದುಹೋಗಿದೆ. ಹೊಸದಾಗಿ ಏನಾದ್ರೂ ಕಾಣಿಸಿಕೊಂಡ್ರೆ ಅದು ನಿನ್ನೆ ಕಂಡಿದ್ರೂ ಸರಿ, ಹೋದ ತಿಂಗಳು ಕಂಡಿದ್ರೂ ಸರಿ. ಪಾಲಿಸಿ ಓಡ್ತಾನೇ ಇತ್ತಲ್ಲ, ಧಾರಾಳವಾಗಿ ತೋರಿಸಿಕೊಳ್ಳಬಹುದಿತ್ತು."

ತಕ್ಕಡಿಯಣ್ಣ ಬಾಯಿಗೆ ಬೆರಳು ಹಾಕಿ, ಮೊಳದುದ್ದದ ಒದ್ದೆ ಹತ್ತಿಯನ್ನು ಎಳೆದು ಹೊರತೆಗೆದ. ಅದು ಬರುತ್ತಲೇ ಇತ್ತು. ಬೆಂಚಿನ ಮೇಲಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕಾವಲುಗಾರ ಓಡಿ ಬಂದು ನೋಡಿ, ನಗಲಿಕ್ಕೆ ಆಚೆ ಹೋದ. ಮೇಡಂ ಕೂಡ ರಿಜಿಸ್ಟರಿನ ಹಿಂದೆ ಮುಖ ಮರೆಮಾಡಿಕೊಂಡರು.

"ಹಾಗಾದ್ರೆ ಈ ಹಲ್ಲು?" ಎಂದ.

"ಹಲ್ಲಿನ ಡಾಕ್ಟರ್ ಎದುರು ಕಟ್ಟಡದಲ್ಲೇ ಇದ್ದಾರೆ. ದಯವಿಟ್ಟು ಹೋಗಿ ಸಾರ್, ನಿಮ್ಮ ಮುಖ ನೋಡೋಕಾಗ್ತಿಲ್ಲ."

ಅವನೂ ನಕ್ಕ. ಎಷ್ಟೋ ದಿನಗಳ ಮೇಲೆ, ಬಾಯಿ ತುಂಬ. ಹಗುರಾಗಿದ್ದ. ಹೆಂಡತಿಯ ಕಡೆ ತಿರುಗಿ, "ಕೇಳಿಸ್ಕೊಂಡ್ಯೇನೇ? ಎಂಥ ಬೆಪ್ಪು ಕೆಲಸ ಮಾಡಿದೆ ನೋಡು ನಾನು!" ಎಂದ. "ಹೋಗಲಿ ಬಿಡು. ಪಟ್ಟ ಪಾಡೆಲ್ಲ ನಾನೊಬ್ಬನೇ ಪಟ್ಟೆ. ನಿಮ್ಮಿಬ್ಬರಿಗೆ ಏನೂ ಆಗಲಿಲ್ಲವಲ್ಲ, ನನಗೆ ಅಷ್ಟೇ ಸಾಕು."

ಅತ್ತಿಗೆ ಕೌಂಟರಿನ ಮೇಲೆ ಉದುರಿದ್ದ ಸುಣ್ಣವನ್ನು ನೋಡುತ್ತಿದ್ದಳು. ಅಭ್ಯಾಸಬಲದಿಂದ ಅದನ್ನು ಬಲಗೈಯಿಂದ ಒಟ್ಟುಮಾಡಿ, ಎಡ ಅಂಗೈಗೆ ತಳ್ಳಿಕೊಂಡಳು. ಎಲ್ಲಿ ಚೆಲ್ಲುವುದೆಂದು ಗೊತ್ತಾಗದೆ ಹಾಗೆಯೇ ಹಿಡಿದು ನಿಂತಳು.

ಮೇಡಂ ರಸೀದಿ ಹರಿದು ಕೊಟ್ಟರು. "ಆಯ್ತು ಸಾರ್. ಬೇರೆ ಏನಾದ್ರೂ ಕೇಳೋದಿದೆಯಾ?"

"ಏನಿಲ್ಲ ಮೇಡಂ. ದೊಡ್ಡ ಉಪಕಾರ ಆಯ್ತು."

"ನಿಮಗೇನಮ್ಮಾ?"

ಅತ್ತಿಗೆ ಇಲ್ಲವೆಂದು ತಲೆಯಾಡಿಸಿದಳು.

"ನಂಗಿದೆ," ಎಂದಳು ಚಟಾಕು.

ಕೌಂಟರು ಅವಳ ಗಲ್ಲದಷ್ಟು ಎತ್ತರವಿತ್ತು. ಅವಳು ಬೆರಳತುದಿಯಲ್ಲಿ ನಿಂತು, ಎರಡೂ ಕೈಯಿಂದ ಅಂಚು ಹಿಡಿದುಕೊಂಡಳು. ಅಮ್ಮನ ಕಡೆ ನೋಡಲಿಲ್ಲ. ನೋಡಿದ್ದರೆ ಆ ಕಣ್ಣು ಬೇಡವೆನ್ನುತ್ತಿತ್ತು. ಅಪ್ಪ ಇನ್ನೂ ನಗುತ್ತಲೇ ಇದ್ದ. ಮಗಳು ಏನೋ ತಮಾಷೆ ಮಾಡುತ್ತಾಳೆಂದು ಬಗ್ಗಿ ಕಿವಿ ಕೊಟ್ಟ.

"ಆಂಟಿ, ಹಾಗಾದ್ರೆ ಅಮ್ಮನ ಎದೇಲಿರೋ ಗಂಟನ್ನ ಮೊದಲನೇ ದಿನವೇ ಡಾಕ್ಟರಿಗೆ ತೋರಿಸಬಹುದಿತ್ತಾ?"